ಬೀಜಸಂಖ್ಯೆಯಿಲ್ಲದ ಬೆಟ್ಟಗಳು

ಗಣಕಯಂತ್ರದ ಆಟಗಳ ಬಗ್ಗೆ ನನ್ನಂಥ ನಿವೃತ್ತ ಮೇಷ್ಟ್ರು ಬರೆಯುವುದು ಕೆಲವು ಓದುಗರಿಗೆ ಸೋಜಿಗವೆನಿಸಬಹುದು. ಆದರೆ ಮೊಮ್ಮಗ ಆಡುವ ಮೈನ್‌ಕ್ರಾಫ್ಟ್ ನನಗೆ ಹಳೆಯ ಭೂಗೋಳದ ಪಾಠಗಳನ್ನು ನೆನಪಿಸಿದೆ. ಅಲ್ಲಿನ ಬೆಟ್ಟ, ಕಣಿವೆ, ಗುಹೆಗಳನ್ನು ಯಾರೂ ಕುಳಿತು ಚಿತ್ರಿಸಿದ್ದಲ್ಲ. ಒಂದು 'ಬೀಜಸಂಖ್ಯೆ'ಯಿಂದ ಗಣಿತವೇ ಬೆಳೆಸಿದ್ದು.

ಇಂಥ ನೆಲಗಳ ಹಿಂದಿರುವುದು ಅಮೆರಿಕದ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ವಿಧಾನ. ಅಂಕಿಗಳನ್ನು ಮನಬಂದಂತೆ ಚೆಲ್ಲಿದರೆ ನೆಲವು ಗರಗಸದ ಹಲ್ಲಿನಂತಾಗುತ್ತದೆ. ಈ ವಿಧಾನವು ಅವುಗಳ ನಡುವೆ ನಯವಾದ ಏರಿಳಿತವನ್ನು ತರುತ್ತದೆ. ಆದರೆ ಒಂದೇ ಸೂತ್ರ ಎಲ್ಲೆಡೆ ದುಡಿದರೆ, ಎಷ್ಟು ದೂರ ನಡೆದರೂ ಅದೇ ಗುಡ್ಡ ಮತ್ತೆ ಎದುರಾದಂತೆ ತೋರುತ್ತದೆ.

ನಮ್ಮ ಜಿಲ್ಲೆಯಲ್ಲಿ ಹಾಗಾಗುವುದಿಲ್ಲ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು, ಹಿರಿಯೂರಿನ ಒಣ ಎರೆಭೂಮಿ ಒಂದರ ಪಕ್ಕದಲ್ಲಿ ಒಂದಿವೆ. ಚಿತ್ರದುರ್ಗದ ಕೋಟೆಯ ಹೆಬ್ಬಂಡೆಗಳು ಬಿರುಕುಗಳ ಗುಂಟ ಸವೆದು ದುಂಡಗಾದ ಗ್ರಾನೈಟ್. ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ದಿಂಬುಗಳಂತೆ ಹೆಪ್ಪುಗಟ್ಟಿದೆ. ವೇದಾವತಿಯು ಬೆಟ್ಟಸಾಲನ್ನು ಭೇದಿಸಿ ಹರಿಯುವ ಇಕ್ಕಟ್ಟಿನಲ್ಲಿಯೇ 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಪೂರ್ಣಗೊಂಡಿತು. ಈ ವೈವಿಧ್ಯವು ಆಕಸ್ಮಿಕವಲ್ಲ. ಕಲ್ಲಿನ ಗಡಸು, ನೀರಿನ ಹರಿವು, ಮಳೆಯ ಪ್ರಮಾಣ, ಅಪಾರವಾದ ಕಾಲ ಇವೆಲ್ಲವೂ ಸೇರಿ ಇದನ್ನು ರೂಪಿಸಿವೆ.

ಆಟದ ತಯಾರಕರೂ ಕೊನೆಗೆ ಈ ದಾರಿಯನ್ನೇ ಹಿಡಿದರು. 2021ರ ನವೆಂಬರಿನಲ್ಲಿ ಬಂದ 1.18ನೆಯ ಆವೃತ್ತಿಯಲ್ಲಿ ಕಡಲಿನಿಂದಿರುವ ದೂರ, ಸವೆತ, ಏರಿಳಿತ, ಉಷ್ಣತೆ, ತೇವ ಇವುಗಳಿಗೆ ಬೇರೆ ಬೇರೆ ಪದರಗಳನ್ನಿಟ್ಟು ಹೆಣೆದರು. ಸವೆತ ಕಡಿಮೆಯಿದ್ದಲ್ಲಿ ಶಿಖರಗಳೆದ್ದವು, ಹೆಚ್ಚಿದ್ದಲ್ಲಿ ಬಯಲು ಹರಡಿತು. ಕಾಡು ಬಯಲಿನಲ್ಲಿಯೂ ಹಬ್ಬಿತು, ಬೆಟ್ಟವನ್ನೂ ಏರಿತು. ಕಾರಣಗಳು ಹೆಚ್ಚಿದಂತೆ ನೆಲಕ್ಕೆ ಜೀವ ಬಂದಿತು.

ಆದರೆ ಒಂದು ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬೇಕು. ಆಟದಲ್ಲಿ ಬೆಟ್ಟವನ್ನು ಅಗೆದು ನೆಲಸಮ ಮಾಡಿದರೂ, ಅದೇ ಬೀಜಸಂಖ್ಯೆಯಿಂದ ಹೊಸ ಲೋಕವನ್ನು ತೆರೆದರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಹಿಡಿದಿತ್ತು. ಮುಂದೆ ಗಣಿಗಳು ಮತ್ತೆ ತೆರೆದವು. ಕರಗಿದ ಗುಡ್ಡಗಳು ಮಾತ್ರ ಮರಳಲಿಲ್ಲ. ಅವುಗಳಿಗೆ ಬೀಜಸಂಖ್ಯೆಯಿಲ್ಲ.

ಮಕ್ಕಳು ಆಡಲಿ, ಅದರಿಂದ ಕಲಿಯುವುದೂ ಇದೆ. ರಜೆಯಲ್ಲಿ ಒಮ್ಮೆ ಅವರನ್ನು ಮರಡಿಹಳ್ಳಿಗೂ ಕರೆದೊಯ್ಯಿರಿ. ಆ ಕಲ್ಲನ್ನು ಕೈಯಿಂದ ಮುಟ್ಟಿ ನೋಡಲಿ.