ಕಿವಿಗೊಟ್ಟು ನೋಡುವ ಧಾರಾವಾಹಿ

ಒಂದು ಧಾರಾವಾಹಿಯ ಯೋಗ್ಯತೆ ತಿಳಿಯಬೇಕಾದರೆ ಟೀವಿಗೆ ಬೆನ್ನು ಹಾಕಿ ಕೂರಬೇಕು. ಅವರೆಕಾಯಿ ಸುಲಿಯುತ್ತಲೋ, ಹೂ ಕಟ್ಟುತ್ತಲೋ, ಬಟ್ಟೆ ಮಡಚುತ್ತಲೋ ಅರ್ಧ ಗಂಟೆ ಕಳೆದ ಮೇಲೂ ಕಥೆ ಎಲ್ಲಿಗೆ ಬಂತು, ಯಾರ ಮನಸ್ಸು ಮುರಿಯಿತು, ಯಾರು ಸುಳ್ಳು ಹೇಳಿದರು ಎಂಬುದೆಲ್ಲ ಗೊತ್ತಾಗಿದ್ದರೆ ಅದು ಗಟ್ಟಿ ಧಾರಾವಾಹಿ. ಟೀವಿಯನ್ನು ನೋಡುತ್ತೇವೆ ಅನ್ನುವುದು ಅರ್ಧ ಸತ್ಯ. ಸಿನಿಮಾ ಮಂದಿರದಲ್ಲಿ ದೀಪ ಆರಿಸುತ್ತಾರೆ, ಬಾಗಿಲು ಹಾಕುತ್ತಾರೆ, ಪರದೆ ಬಿಟ್ಟು ಬೇರೇನೂ ಕಣ್ಣಿಗೆ ಬೀಳದ ಹಾಗೆ ಮಾಡುತ್ತಾರೆ. ಟೀವಿ ಇರುವುದು ನಡುಮನೆಯಲ್ಲಿ, ದೀಪದ ಬೆಳಕಿನಲ್ಲಿ. ಅಲ್ಲಿ ಮಕ್ಕಳು ಹೋಂವರ್ಕ್ ಮಾಡುತ್ತಿರುತ್ತಾರೆ, ಕುಕ್ಕರು ಕೂಗುತ್ತಿರುತ್ತದೆ, ಯಾರೋ ಬಂದು ಬೆಲ್ ಒತ್ತುತ್ತಾರೆ. ಕಣ್ಣು ಹತ್ತು ಕಡೆ ಹೋಗಿ ಬರುತ್ತದೆ, ಕಿವಿ ಮಾತ್ರ ಕಥೆಯ ಜೊತೆಯಲ್ಲೇ ಇರುತ್ತದೆ. ಕನ್ನಡ ಟೀವಿಯ ಒಳ್ಳೆಯ ಕೆಲಸವೆಲ್ಲ ಈ ಕಿವಿಯನ್ನು ನಂಬಿ ಆಗಿದೆ, ಕೆಟ್ಟ ಕೆಲಸವೆಲ್ಲ ಕಿವಿಯನ್ನು ಹಗುರವಾಗಿ ಕಂಡು ಆಗಿದೆ ಎಂಬುದು ನನ್ನ ವಾದ.

ಈ ಕಿವಿ ಟೀವಿ ಬಂದ ಮೇಲೆ ಹುಟ್ಟಿದ್ದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದದ ಬೆನ್ನಿಗೆ ಅರ್ಥಧಾರಿಗಳು ಪಂಚೆ ಶಲ್ಯದಲ್ಲೇ ಕೂತು ಬರೀ ಮಾತಿನಲ್ಲಿ ಕರ್ಣನನ್ನೂ ವಾಲಿಯನ್ನೂ ಕಟ್ಟಿ ನಿಲ್ಲಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ರಾತ್ರಿಯಿಡೀ ಕೂರುತ್ತಿದ್ದ ಜನಕ್ಕೆ ಕಣ್ಣಿಗೆ ಏನೂ ಸಿಗುತ್ತಿಲ್ಲ ಎಂಬ ಕೊರತೆ ಕಾಡಲಿಲ್ಲ. ಹರಿಕಥೆಯ ದಾಸರು ಒಬ್ಬರೇ ನಿಂತು ಊರನ್ನೇ ಆಡಿಸಿದರು. ಆಮೇಲೆ ಬಂದ ಆಕಾಶವಾಣಿ ಈ ಅಭ್ಯಾಸವನ್ನು ಮನೆಯೊಳಕ್ಕೆ ತಂದಿತು. ಎ. ಎಸ್. ಮೂರ್ತಿಯವರು ‘ರೇಡಿಯೋ ಈರಣ್ಣ’ ಎಂದೇ ಹೆಸರಾದದ್ದು ಬರೀ ದನಿಯ ಬಲದಿಂದ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದಾಗ ಅದಕ್ಕೆ ಸಿಕ್ಕ ನಟರು, ಬರಹಗಾರರಲ್ಲಿ ಬಹಳಷ್ಟು ಮಂದಿ ಹವ್ಯಾಸಿ ರಂಗಭೂಮಿಯವರು, ರೇಡಿಯೋ ನಾಟಕದವರು. ಕೊನೆಯ ಸಾಲಿಗೂ ಮಾತು ತಲುಪಬೇಕು ಎಂಬ ಶಿಸ್ತಿನಲ್ಲಿ ಬೆಳೆದವರು ಅವರು. ನಮ್ಮ ಟೀವಿಯ ಬುನಾದಿಯಲ್ಲಿ ಕ್ಯಾಮೆರಾಕ್ಕಿಂತ ಮೊದಲೇ ಮಾತು ಕೂತಿತ್ತು.

‘ಮಾಯಾಮೃಗ’ವನ್ನೇ ನೋಡಿ. 1998ರಲ್ಲಿ ಚಂದನದಲ್ಲಿ ಬಂದ ಈ ಧಾರಾವಾಹಿಯನ್ನು ನಿರ್ದೇಶಿಸಿದವರು ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ. ಅದರಲ್ಲಿ ದೊಡ್ಡ ಸೆಟ್ಟುಗಳಿಲ್ಲ, ಕಣ್ಣು ಕೋರೈಸುವ ಸೀರೆಗಳಿಲ್ಲ. ಮಧ್ಯಮ ವರ್ಗದ ಮನೆ, ಅಂಗಳ, ಕಚೇರಿ, ಅಷ್ಟರಲ್ಲೇ ಜನ ಕೂತು ಮಾತಾಡುತ್ತಾರೆ. ಆದರೆ ಎಂಥ ಮಾತು! ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡು, ಅದು ಒಳಗಿಳಿದ ಮೇಲೆ ಉತ್ತರ ಕೊಡುತ್ತಾರೆ. ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ‘ಹೋಗ್ಲಿ ಬಿಡು’ ಅನ್ನುವಲ್ಲಿ ಹೋಗಲು ಬಿಡದ ಸಂಕಟ ಕೇಳಿಸುತ್ತದೆ. ಸೀತಾರಾಮ್ ನಾಟಕಕಾರರು, ಕಾನೂನು ಓದಿದವರು. ಮುಂದೆ ಸಿಎಸ್‌ಪಿ ಎಂಬ ವಕೀಲರ ಪಾತ್ರದಲ್ಲಿ ಅವರೇ ನಡೆಸಿದ ಪಾಟೀಸವಾಲುಗಳಲ್ಲಿ ಈ ಕಲೆ ಇನ್ನಷ್ಟು ಹದಗೊಂಡಿತು. ಆ ದೃಶ್ಯಗಳ ಕಟ್ಟಡವನ್ನು ಹತ್ತಿರದಿಂದ ಗಮನಿಸಬೇಕು. ಮೊದಲ ಪ್ರಶ್ನೆಗಳು ತೀರಾ ಸಾಧಾರಣ. ಊರು ಯಾವುದು, ಅವತ್ತು ಎಷ್ಟು ಹೊತ್ತಿಗೆ ಮನೆಗೆ ಬಂದಿರಿ, ಬಾಗಿಲು ತೆಗೆದವರು ಯಾರು. ದನಿ ಏರುವುದಿಲ್ಲ. ಸಾಕ್ಷಿಯ ಉತ್ತರಗಳು ಮೊದಮೊದಲು ಉದ್ದವಾಗಿರುತ್ತವೆ, ಬರಬರುತ್ತ ಗಿಡ್ಡವಾಗುತ್ತವೆ, ಕೊನೆಗೆ ಒಂದು ಹೌದು ಅಥವಾ ಇಲ್ಲ ಹೇಳುವುದಕ್ಕೂ ತಡವರಿಕೆ. ಆ ತಡವರಿಕೆಯಲ್ಲಿ ಸತ್ಯ ಹೊರಬಿದ್ದಿರುತ್ತದೆ. ಸಾಕ್ಷಿಯ ಮುಖ ಕಾಣಿಸದಿದ್ದರೂ, ಉತ್ತರಗಳು ಗಿಡ್ಡವಾಗುತ್ತ ಹೋದ ಆ ಲಯವೊಂದರಿಂದಲೇ ಅಡುಗೆಮನೆಯಲ್ಲಿರುವವರಿಗೂ ಇನ್ನೇನು ಸಿಕ್ಕಿಬಿದ್ದ ಎಂದು ಗೊತ್ತಾಗುತ್ತದೆ. ಆಗ ಕೈಯಲ್ಲಿದ್ದ ಸೌಟು ಬಿಟ್ಟು ನಡುಮನೆಗೆ ಬರುತ್ತಾರೆ. ಕಿವಿ ಕರೆದಾಗ ಕಣ್ಣು ಬರುತ್ತದೆ, ಟೀವಿಯಲ್ಲಿ ಸರಿಯಾದ ಕ್ರಮ ಇದು.

ಕಿವಿಯ ಸುಖದಲ್ಲಿ ಇನ್ನೊಂದು ಪಾಲು ಆಡುಮಾತಿನದು. ಸದಾನಂದ ಸುವರ್ಣರ ‘ಗುಡ್ಡದ ಭೂತ’ದಲ್ಲಿ ಕರಾವಳಿ ಮಾತಾಡಿತು. ‘ಮೂಡಲಮನೆ’ಯಲ್ಲಿ ಉತ್ತರ ಕರ್ನಾಟಕದ ಕನ್ನಡ ಇಡೀ ಮನೆತನದ ಮಾತಾಗಿ, ಸಿಟ್ಟು ಸೆಡವು ಮಮತೆ ಎಲ್ಲಕ್ಕೂ ಒದಗಿ ಬಂತು. ಅದುವರೆಗೆ ಬೆಂಗಳೂರು ಮೈಸೂರು ಕಡೆಯ ಪ್ರೇಕ್ಷಕರಿಗೆ ಆ ಕನ್ನಡ ಹೆಚ್ಚಾಗಿ ಸಿಕ್ಕಿದ್ದು ಹಾಸ್ಯಪಾತ್ರದ ಬಾಯಲ್ಲಿ. ಅದೇ ಮಾತಿನಲ್ಲಿ ಹಿರಿಯರೊಬ್ಬರು ದುಃಖ ನುಂಗಿಕೊಂಡು ಮಾತಾಡುವುದನ್ನು ದಿನವೂ ಕೇಳುವುದು ಬೇರೆಯೇ ಶಿಕ್ಷಣ. ಗಿರೀಶ ಕಾಸರವಳ್ಳಿಯವರು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಟೀವಿಗೆ ತಂದಾಗ ಆ ಕಾದಂಬರಿಯ ಬೈಗುಳ, ಗದರಿಕೆ, ಗೊಣಗಾಟಗಳಿಗೆ ದನಿ ಬಂತು. ಪುಟದ ಮೇಲೆ ಓದಿದ್ದ ಬೈಗುಳಕ್ಕೂ ಪಕ್ಕದ ಕೋಣೆಯಿಂದ ಕೇಳಿಬಂದಂತೆ ಕಿವಿಗೆ ಬೀಳುವ ಬೈಗುಳಕ್ಕೂ ಬಹಳ ಅಂತರವಿದೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಹಾಗಾದರೆ ‘ಮಾಲ್ಗುಡಿ ಡೇಸ್’ ಕಥೆಯೇನು? ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯನ್ನು ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯಾಗಿ ಮಾಡಿದರು. ಆ ದೊಡ್ಡಮನೆಯ ಜಗಲಿ, ಕಂಬ, ಹೆಂಚಿನ ಮಾಡು, ಸ್ವಾಮಿಯಾಗಿ ಓಡಾಡಿದ ಮಾಸ್ಟರ್ ಮಂಜುನಾಥನ ಕಣ್ಣು ಇವೆಲ್ಲ ನೋಡಿಯೇ ಸವಿಯಬೇಕಾದವು. ಆರ್. ಕೆ. ಲಕ್ಷ್ಮಣ್ ಬರೆದ ರೇಖೆಗಳಿಗಂತೂ ಕಿವಿಯಲ್ಲಿ ಜಾಗವಿಲ್ಲ. ಈ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಒಂದು ಸಂಗತಿಯನ್ನು ಜೊತೆಗಿಟ್ಟು ನೋಡಬೇಕು. ಆ ಧಾರಾವಾಹಿ ರಾಷ್ಟ್ರೀಯ ಪ್ರಸಾರಕ್ಕಾಗಿ ಹಿಂದಿಯಲ್ಲಿ, ಕೆಲವು ಕಂತುಗಳು ಇಂಗ್ಲಿಷಿನಲ್ಲೂ ತಯಾರಾದದ್ದು. ತೆರೆಯ ಮೇಲೆ ಗಿರೀಶ ಕಾರ್ನಾಡ್, ಅನಂತ್‌ನಾಗ್, ವಿಷ್ಣುವರ್ಧನ್, ಊರು ಮಲೆನಾಡು, ಮಾತು ಮಾತ್ರ ಬೇರೆ. ಹಿಂದಿ ಬಾರದ ಕನ್ನಡ ಮನೆಗಳು ಅದನ್ನು ಕಣ್ಣಿನಿಂದ ಪ್ರೀತಿಸಿದ್ದು ಕಿವಿಗೆ ದಾರಿಯಿಲ್ಲದ್ದರಿಂದಲೂ ಹೌದು. ಅಷ್ಟಾಗಿಯೂ ‘ಮಾಲ್ಗುಡಿ’ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗ. ನಾಲ್ಕು ಸ್ವರ ಗುನುಗಿದರೆ ಸಾಕು, ಪಕ್ಕದಲ್ಲಿರುವವರು ಉಳಿದದ್ದನ್ನು ಮುಂದುವರಿಸುತ್ತಾರೆ. ಅಷ್ಟು ಚೆಂದದ ಚಿತ್ರಗಳಿದ್ದ ಧಾರಾವಾಹಿಯನ್ನೂ ನೆನಪಿಗೆ ಕರೆತರುವ ಕೆಲಸ ಕಿವಿಯದೇ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು. ಕೆಲಸ ಮಾಡುತ್ತ ಅರೆಗಿವಿಯಲ್ಲಿ ಕೇಳುವವರಿಗಾಗಿಯೇ ಮಾಡಿದ್ದರಿಂದ ಧಾರಾವಾಹಿಗಳು ಹಾಳಾದವು, ಹೇಳಿದ್ದನ್ನೇ ಮೂರು ಸಲ ಹೇಳುವ ಚಾಳಿ ಅಲ್ಲಿಂದಲೇ ಬಂತು ಎನ್ನುತ್ತಾರೆ. ಈಗಿನ ದಿನವಹಿ ಧಾರಾವಾಹಿಗಳನ್ನು ನೋಡಿದವರಿಗೆ ಈ ದೂರು ಸುಳ್ಳೆನಿಸುವುದಿಲ್ಲ. ಸೊಸೆ ಒಂದು ಮಾತು ಹೇಳುತ್ತಾಳೆ. ಸಿಡಿಲು ಬಡಿದ ಸದ್ದು. ಅತ್ತೆಯ ಮುಖ, ಮತ್ತೆ ಸಿಡಿಲು. ನಾದಿನಿಯ ಮುಖ, ಮೂರನೆಯ ಸಿಡಿಲು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಉಳಿಯುವುದು ಹೆಚ್ಚೂಕಮ್ಮಿ ಇಪ್ಪತ್ತೆರಡು ನಿಮಿಷ. ಅದರಲ್ಲೂ ಹಿಂದಿನ ಕಂತಿನ ಮೆಲುಕು, ಮುಂದಿನ ಕಂತಿನ ತುಣುಕು. ವಾರಕ್ಕೆ ಐದಾರು ಕಂತು ಒದಗಿಸಬೇಕಾದಾಗ ಬರೆಯುವವರ ಕೈಯಲ್ಲಿ ಅಷ್ಟು ಮಾತು ಇರುವುದಿಲ್ಲ. ಎಷ್ಟೋ ಸೆಟ್‌ಗಳಲ್ಲಿ ನಟರು ಪ್ರಾಂಪ್ಟಿಂಗ್ ಕೇಳಿ ಹೇಳುವಷ್ಟು ಧಾವಂತ. ಮಾತು ಖಾಲಿಯಾದ ಕಡೆ ಸದ್ದು ತುಂಬುತ್ತಾರೆ. ಆದ್ದರಿಂದ ತಪ್ಪು ಕೇಳುಗರದ್ದಲ್ಲ. ಕೆಲಸ ಮಾಡುತ್ತ ಕೇಳುವ ಕಿವಿ ದಡ್ಡ ಕಿವಿಯಲ್ಲ. ಮನೆಯೊಡತಿ ಒಲೆಯ ಮೇಲಿನ ಹಾಲು ಉಕ್ಕುವ ಸದ್ದನ್ನು ಹಿಡಿಯುವ ಕಿವಿಯಲ್ಲೇ ಪಾತ್ರವೊಂದರ ದನಿ ನಿನ್ನೆಗಿಂತ ಇವತ್ತು ಬದಲಾಗಿದ್ದನ್ನೂ ಹಿಡಿಯುತ್ತಾಳೆ. ಆ ಸಿಡಿಲು ಅವಳಿಗಾಗಿ ಮಾಡಿದ್ದಲ್ಲ, ಅವಳಿಗೆ ಮಾಡಿದ ಅವಮಾನ.

ಟಿಆರ್‌ಪಿ ಲೆಕ್ಕದ ಹಿಂದಿನ ಯಂತ್ರವನ್ನು ಇಲ್ಲಿ ನೆನೆಯಬೇಕು. ಬಾರ್ಕ್ ಸಂಸ್ಥೆಯ ಮೀಟರು ಯಾವ ವಾಹಿನಿ ಓಡುತ್ತಿದೆ ಎಂದು ಗುರುತಿಸುವುದು ಚಿತ್ರ ನೋಡಿ ಅಲ್ಲ. ವಾಹಿನಿಗಳ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದ ಗುರುತೊಂದನ್ನು ಬೆರೆಸಿರುತ್ತಾರೆ, ಮೀಟರು ಅದನ್ನು ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತದೆ. ಮನೆಯವರನ್ನು ಅಳೆಯುವ ಯಂತ್ರವೂ ಕೇಳಿಯೇ ಅಳೆಯುತ್ತದೆ ಎಂದಾಯಿತು. ಆದರೆ ಅದಕ್ಕೆ ಮಾತಿಗೂ ಸಿಡಿಲಿಗೂ ವ್ಯತ್ಯಾಸ ಗೊತ್ತಿಲ್ಲ, ಮನಸ್ಸಿಟ್ಟು ಕೇಳಿದ ಅರ್ಧ ಗಂಟೆಗೂ ರಿಮೋಟು ಸಿಗದೆ ಓಡುತ್ತಿದ್ದ ಅರ್ಧ ಗಂಟೆಗೂ ಅದರಲ್ಲಿ ಒಂದೇ ಬೆಲೆ. ಆ ಅಂಕಿಯನ್ನು ಹಿಡಿದು ಜನಕ್ಕೆ ಇದೇ ಬೇಕು ಎನ್ನುವುದು ನ್ಯಾಯವಲ್ಲ.

ಜನಕ್ಕೆ ಬೇರೆಯದೂ ಬೇಕಿತ್ತು ಎನ್ನುವುದಕ್ಕೆ ಪುರಾವೆ ಕಣ್ಣೆದುರಿಗೇ ಇದೆ. ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಚಂದನದಲ್ಲಿ 2002ರಲ್ಲಿ ಶುರುವಾಗಿ ಸಾವಿರಾರು ಕಂತು ದಾಟಿತು. ಅಲ್ಲಿ ಬಹುಮಾನ ಕನ್ನಡ ಪುಸ್ತಕ. ಪ್ರಶ್ನೆ ಕೇಳುವವರ ದನಿ ಎಂದೂ ಒಂದೇ ಹದ, ಉಚ್ಚಾರ ಸ್ಪಷ್ಟ, ಉತ್ತರ ತಪ್ಪಿದರೆ ಅವಸರವಿಲ್ಲದ ಒಂದು ವಿವರಣೆ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡುವ ಮಕ್ಕಳಿಗೆ ಅಂಕ ಕೊಡುವುದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಹೇಳಿಕೊಟ್ಟರು. ಒಂದು ಮಹಾಪ್ರಾಣ ಜಾರಿದ್ದು, ಉಸಿರು ತೆಗೆದ ಜಾಗ ತಪ್ಪಿ ಪದ ಎರಡು ತುಂಡಾದದ್ದು ಅವರು ತೋರಿಸಿದ ಮೇಲೆ ನಮಗೂ ಕೇಳಿಸತೊಡಗಿತು. ಈ ಎರಡೂ ಕಾರ್ಯಕ್ರಮ ನನ್ನ ಮೆಚ್ಚಿನವುಗಳ ಸಾಲಿನಲ್ಲಿ ಧಾರಾವಾಹಿಗಳಿಗೆ ಸಮನಾಗಿ ನಿಲ್ಲುವುದು ಈ ಕಾರಣಕ್ಕೆ.

ಡಬ್ಬಿಂಗ್ ವಿಷಯಕ್ಕೆ ಬಂದರೆ ನನ್ನ ವಾದ ನನ್ನ ಕಡೆಗೇ ತಿರುಗುವ ಅಪಾಯವಿದೆ. ಮಾತೇ ಮುಖ್ಯ ಎಂದಾದರೆ ಬೇರೆ ಭಾಷೆಯ ತುಟಿಗೆ ಕನ್ನಡ ಅಂಟಿಸಿದ್ದನ್ನು ಹೇಗೆ ಒಪ್ಪುವುದು? ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಜಾಗವೇ ಇರಲಿಲ್ಲ, ಆ ವಿರೋಧದ ಹಿಂದೆ ಇಲ್ಲಿನ ಕಲಾವಿದರ ಅನ್ನದ ಪ್ರಶ್ನೆಯೂ ಇತ್ತು. ಅದನ್ನು ಹಗುರ ಮಾಡುವಂತಿಲ್ಲ. ಆದರೆ 2020ರಲ್ಲಿ ಅಂಬೇಡ್ಕರರ ಬದುಕಿನ ಧಾರಾವಾಹಿ ‘ಮಹಾನಾಯಕ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಾಗ ಊರೂರಿನಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ತುಟಿ ಹೊಂದುತ್ತಿಲ್ಲ ಎಂದು ಯಾರೂ ಟೀವಿ ಆರಿಸಲಿಲ್ಲ. ಭೀಮ ಎಂಬ ಹುಡುಗ ಶಾಲೆಯಲ್ಲಿ ಅನುಭವಿಸಿದ ಅವಮಾನ ತಮ್ಮ ಮಾತಿನಲ್ಲಿ ಕೇಳಿಸಿದ್ದೇ ಜನಕ್ಕೆ ದೊಡ್ಡದಾಯಿತು. ಕಣ್ಣಿಗಾದ ಸಣ್ಣ ಇರುಸುಮುರುಸನ್ನು ಕಿವಿಯ ತೃಪ್ತಿ ಮರೆಸಿತು. ಡಬ್ಬಿಂಗ್ ಕೆಟ್ಟಾಗ ಕೆಡುವುದೂ ಕಿವಿಯಿಂದಲೇ: ಯಾರ ಮನೆಯಲ್ಲೂ ಆಡದ ಪುಸ್ತಕದ ವಾಕ್ಯ ಬಂದಾಗ, ಐವರು ಹೆಂಗಸರಿಗೆ ಒಂದೇ ದನಿ ಸಿಕ್ಕಾಗ.

ಈಚೆಗೆ ಎರಡು ಬದಲಾವಣೆ ಈ ಕಿವಿಯನ್ನು ಕಾಡುತ್ತಿವೆ. ಒಂದು, ಟೀವಿಯೇ ತೆಳ್ಳಗಾದದ್ದು. ಹಳೆಯ ಪೆಟ್ಟಿಗೆಗಳಲ್ಲಿ ಸ್ಪೀಕರಿಗೆ ಮುಂದೆಯೋ ಪಕ್ಕದಲ್ಲೋ ಜಾಗವಿತ್ತು. ಈಗಿನ ಬಹುಪಾಲು ಟೀವಿಗಳಲ್ಲಿ ಸಣ್ಣ ಸ್ಪೀಕರು ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುತ್ತದೆ. ಚಿತ್ರ ನಾಲ್ಕು ಪಟ್ಟು ನಿಚ್ಚಳವಾಗಿ ಮಾತು ಮಾತ್ರ ಮಬ್ಬಾಗಿದೆ. ವಯಸ್ಸಾದವರು ವಾಲ್ಯೂಮ್ ಏರಿಸುವುದನ್ನು ಬರೀ ಅವರ ಕಿವಿಯ ದೋಷ ಎನ್ನಬಾರದು. ಇನ್ನೊಂದು, ಫೋನಿನಲ್ಲಿ ಸದ್ದು ಅಡಗಿಸಿ, ಕೆಳಗೆ ಓಡುವ ಅಕ್ಷರ ಓದುತ್ತ ಧಾರಾವಾಹಿಯ ತುಣುಕು ನೋಡುವ ರೂಢಿ. ಪ್ರಯಾಣದಲ್ಲಿ ಅದು ಅನುಕೂಲ, ಕಿವಿ ಕೇಳಿಸದವರಿಗೆ ಅಗತ್ಯ ಕೂಡ. ಉಳಿದವರಿಗೆ ಅದರಿಂದ ಸಿಗುವುದು ಕಥೆಯ ಸಾರಾಂಶ. ‘ಹೋಗ್ಲಿ ಬಿಡು’ ಎಂಬ ಎರಡು ಪದ ತೆರೆಯ ಅಡಿಯಲ್ಲಿ ಮೂಡಿದಾಗ ಅದು ಕ್ಷಮೆಯೋ ಬೇಸರವೋ ಬೆದರಿಕೆಯೋ ತಿಳಿಯುವುದಿಲ್ಲ.

‘ಮಾಯಾಮೃಗ’ದ ಹಳೆಯ ಕಂತುಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. 2022ರಲ್ಲಿ ಅದರ ಮುಂದುವರಿಕೆಯಾಗಿ ‘ಮತ್ತೆ ಮಾಯಾಮೃಗ’ವೂ ಬಂತು. ಹಳೆಯ ಕಂತುಗಳ ಚಿತ್ರ ಇಂದಿನ ಕಣ್ಣಿಗೆ ಮಸುಕು, ಬಣ್ಣ ಬಿಳಿಚಿಕೊಂಡಿದೆ, ಚೌಕಟ್ಟು ಚಿಕ್ಕದು. ಕ್ಯಾಮೆರಾ ಕೆಲಸವನ್ನಷ್ಟೇ ನೋಡಿ ಅಂಕ ಹಾಕುವವರು ಅವನ್ನು ಮೊದಲ ಹತ್ತು ನಿಮಿಷಕ್ಕೇ ಬದಿಗಿಡಬಹುದು. ಫೋನನ್ನು ಬೋರಲು ಹಾಕಿ, ತರಕಾರಿ ಹೆಚ್ಚುತ್ತ ಆ ಕಂತುಗಳನ್ನು ಕೇಳಿದವರು ಮುಂದಿನ ಕಂತಿಗೆ ಹೋಗದೆ ಇರುವುದು ಕಷ್ಟ.