ಒಂದ್ ತಾಸಿನ ಹಾದಿಗೆ ಖೋಲಿ ಯಾಕ?

2024ರ ಶ್ರಾವಣದಾಗ ನಾನು ಮತ್ತ ನಮ್ಮ ಅತ್ತಿ ಇಬ್ಬರೇ ಕಲಬುರಗಿಗೆ ಹೋಗಿ, ಶರಣಬಸವೇಶ್ವರ ಗುಡಿ ಹತ್ರ, ಅಪ್ಪನ ಕೆರಿ ಬಾಜೂಕ ಒಂದು ಖೋಲಿ ಹಿಡದು, ಒಂದು ರಾತ್ರಿ ಉಳದು ಬಂದ್ವಿ. ಸುದ್ದಿ ಇಷ್ಟೇ. ಆದ್ರ ಅದು ಕಮಲಾಪುರದಾಗ ನಮ್ಮ ಓಣಿ ತಿರುಗಿ, ಹುಮನಾಬಾದಕ್ಕ ಹೋಗಿ, ಪುಣೆದಾಗಿನ ನಾದಿನಿಗೆ ಮುಟ್ಟೋದ್ರಾಗ "ಅತ್ತಿ-ಸೊಸಿ ಸಣ್ಣತ್ತಿ ಮ್ಯಾಲ ಸಿಟ್ಟಾಗಿ ಲಾಡ್ಜಿನ್ಯಾಗ ಇಳದಿದ್ರಂತ" ಅಂತ ಆಗಿತ್ತು. ಮೊನ್ನೆ ಒಂದು ಕುಬಸದ ಕಾರ್ಯದಾಗ ಮತ್ತ ಒಬ್ಬಾಕಿ ಅದನ್ನೇ ಕೇಳಿದ್ಲು. ಒಬ್ಬೊಬ್ಬರಿಗೂ ಹೇಳಿ ಹೇಳಿ ನನಗೂ ಸಾಕಾಗ್ಯದ. ಎಲ್ಲಾರೂ ಓದ್ತೀರಲ್ಲ, ಅದಕ್ಕ ಇಲ್ಲೇ ಬರದು ಬಿಡ್ತೀನಿ.

ಎಲ್ಲಾರದೂ ಮೊದಲ್ನೇ ಪ್ರಶ್ನಿ ಒಂದೇ. ಕಮಲಾಪುರದಿಂದ ಕಲಬುರಗಿ ಬಸ್ಸಿನ್ಯಾಗ ಒಂದ್ ತಾಸು. ಮುಂಜಾನಿ ಹೋಗಿ ಸಂಜಿಗಿ ಬರೂದಕ್ಕ ಏನ್ ಧಾಡಿ? ಖೋಲಿ ಯಾಕ ಬೇಕು, ರೊಕ್ಕ ಹೆಚ್ಚಾಗ್ಯಾವೇನು?

ಹೌದ್ರಿ, ಒಂದೇ ತಾಸು. ನಮ್ಮ ಅತ್ತಿ ಮದುವ್ಯಾಗಿ ಬಂದಾಗಿಂದ ಆ ಒಂದ್ ತಾಸಿನ ಹಾದಿ ಎಷ್ಟು ಸಲ ತುಳದಾರೋ ಲೆಕ್ಕಿಲ್ಲ. ಹೋಳಿ ಆದ ಐದನೇ ದಿನದ ಜಾತ್ರಿಗೆ, ಶ್ರಾವಣ ಸೋಮವಾರಕ್ಕ, ಮಕ್ಕಳ ಜವಳ ತೆಗಿಸ್ಲಾಕ. ಪ್ರತಿ ಸಲಾನೂ ನಮ್ಮ ಮಾವ ಮುಂದ, ಇವರು ಹಿಂದ. ಸಾಲಿನ್ಯಾಗ ನಿಂದರು, ಕಾಯಿ ಒಡಸು, ಪ್ರಸಾದ ತಗೋ, ನಡಿ ಬಸ್ಸಿಗಿ. ಮಾವನ ಕಣ್ಣು ಯಾವಾಗ್ಲೂ ಗಡಿಯಾರದ ಮ್ಯಾಲ. ಅವರು ಕೆಟ್ಟವರಲ್ಲ, ಮನಿಗೆ ದನ ಇದ್ದವು, ಹಾಲು ಹಿಂಡಬೇಕಿತ್ತು. ಈಗ ಮಾವನೂ ಇಲ್ಲ, ದನಾನೂ ಇಲ್ಲ. ಇವರಿಗೆ ಮಂಡಿ ನೋವು, ಸಕ್ರಿ ಬ್ಯಾನಿ. ಶ್ರಾವಣ ಹತ್ತಿದ ಮ್ಯಾಲ ಒಂದಿನ ರೊಟ್ಟಿ ಬಡಿತಾ ಬಡಿತಾ ಅಂದ್ರು: "ಆ ಕೆರಿ ದಂಡಿಮ್ಯಾಲ ಒಂದ್ ಸಲಾನೂ ಕುಂತಿಲ್ಲ ನೋಡವ್ವ ನಾ. ಬರೇ ನಿಂತೇ ನೋಡೀನಿ."

ಅದೊಂದು ಮಾತು. ಇನ್ನೊಂದು ಮಾತು ಅವರು ಬಾಯಿಬಿಟ್ಟು ಹೇಳಿದ್ದಲ್ಲ, ನಾನೇ ಕಂಡಿದ್ದು. ಅದನ್ನ ಬರಿಲ್ಯೋ ಬ್ಯಾಡೋ ಅಂತ ನಾಕ್ ದಿನ ವಿಚಾರ ಮಾಡೀನಿ. ಅತ್ತಿಗೇ ಕೇಳ್ದೆ. "ಬರಿ, ಎಲ್ಲಾರದೂ ಅದೇ ಹಣೇಬರಾ ಅದ" ಅಂದ್ರು.

ನಮ್ಮ ಅತ್ತಿ ಊರಿಗೆ ಹೊಂಟ್ರ ನೀರು ಕುಡಿಯಂಗಿಲ್ಲ. ಮುಂಜಾನಿ ಒಂದು ವಾಟಿ ಚಾ, ಆಮ್ಯಾಲ ಮನಿಗೆ ಹೊಳ್ಳಿ ಬರೂತನಕ ಬಾಯಿ ತೋಯಿಸಿಕೊಂಡ್ರ ಅದೇ ಹೆಚ್ಚು. ಯಾಕಂದ್ರ ಕುಡದ್ರ ಒಂದಕ್ಕ ಹೋಗಬೇಕು, ಹೋಗ್ಲಾಕ ಜಾಗ ಎಲ್ಲಿ? ಬಸ್ ಸ್ಟ್ಯಾಂಡಿನ್ಯಾಗ ಹಸಿ ನೆಲ, ಕುಂದ್ರಲಾಕ ಮಂಡಿ ಬಗ್ಗಂಗಿಲ್ಲ, ಹೊರಗ ಮಂದಿ ಬಾಗಲಾ ಬಡಿತಿರ್ತಾರ. ಆ ವರ್ಷ ಬ್ಯಾಸಿಗ್ಯಾಗ ಒಂದು ಲಗ್ನಕ್ಕ ಹೋಗಿ ಬಂದು ಉರಿಮೂತ್ರ ಹತ್ತಿ, ಜ್ವರ ಬಂದು, ಸಲಾಯಿನ್ ಹಚ್ಚೂತನಕ ಹೋಗಿತ್ತು. ಡಾಕ್ಟರಬಾಯಿ ಇವರನ್ನಲ್ಲ, ನನ್ನ ಬೈದ್ರು. "ಸಕ್ರಿ ಇದ್ದವರಿಗೆ ಹಿಂಗ ನೀರು ತಡದ್ರ ಹ್ಯಾಂಗ್ರಿ, ಕಿಡ್ನಿಗೆ ಏರ್ತದ" ಅಂದ್ರು. ಅತ್ತಿ ಹೂಂ ಹೂಂ ಅಂತ ತಲಿ ಅಲ್ಲಾಡಿಸಿದ್ರು. ಮುಂದಿನ ವಾರ ಸಂತಿಗೆ ಹೊಂಟಾಗ ಮತ್ತ ಅದೇ ಕತಿ.

ಈ ಓದ್ಲಾಕತ್ತವರು ನಿಮ್ಮ ಮನ್ಯಾಗಿನ ಹಿರೇರಿಗೆ ಒಂದ್ ಮಾತು ಕೇಳಿ ನೋಡ್ರಿ. ಅವರಿಗ್ಯಾಕ, ನಮಗೇ ಕೇಳ್ಕೊಂಡ್ರ ಆತು.

ಹಿಂಗಾಗಿ ನಾ ಅಂದೆ, ಸೋಮವಾರದ ದರ್ಶನಕ್ಕ ಆಯಿತವಾರ ಮಧ್ಯಾಹ್ನನೇ ಹೋಗಮು, ಅಲ್ಲೇ ಉಳಿಯಮು. ಬಸ್ಸಿನ ಖರ್ಚು ಇಲ್ಲ. 2023ರ ಜೂನ್ 11ಕ್ಕ ಶಕ್ತಿ ಯೋಜನಾ ಚಾಲೂ ಆದಾಗಿಂದ ನಮ್ಮ ಕಲ್ಯಾಣ ಕರ್ನಾಟಕದ ಕೆಂಪು ಬಸ್ಸಿನ್ಯಾಗ ಹೆಣಮಕ್ಕಳಿಗೆ ಟಿಕೆಟ್ ಇಲ್ಲಲ್ಲ. ಮಂದಿ ಅದಕ್ಕ ಏನೇನೋ ಅಂತಾರ, ಅನ್ಲಿ. ಗಂಡಸರ ಕಡಿ ರೊಕ್ಕ ಕೇಳ್ದೇ ಹೊರಗ ಹೆಜ್ಜಿ ಇಡೂದು ಅಂದ್ರ ಏನು ಅಂತ ನಮ್ಮ ಅತ್ತಿ ಮುಖ ನೋಡಿದ್ರ ಗೊತ್ತಾಗ್ತದ. ಉಳದ ರೊಕ್ಕ ಖೋಲಿಗೆ ಹಾಕಿದ್ವಿ ಅನ್ಕೋರಿ.

"ಸಣ್ಣತ್ತಿ ಮನಿ ಇತ್ತಲ್ಲ?" ಅನ್ನೂದು ಎರಡ್ನೇ ಪ್ರಶ್ನಿ. ಇತ್ತು, ಅದ, ಅವರ ಬಾಗಲಾ ನಮಗ ಯಾವತ್ತೂ ತೆರದೇ ಇರ್ತದ. ಆದ್ರ ಮೂರನೇ ಮಜಲಿನ ಮ್ಯಾಲ ಎರಡು ಖೋಲಿ, ಆರು ಮಂದಿ, ಒಂದೇ ಬಚ್ಚಲ. ನಾವು ಹೋದ್ರ ಆ ತಾಯಿ ಹೋಳಿಗಿ ಮಾಡದೆ ಬಿಡಂಗಿಲ್ಲ. ನಮ್ಮ ಅತ್ತಿ ರಾತ್ರಿ ನಾಕ್ ಸಲ ಏಳ್ತಾರ. ಮಂದಿ ಮನ್ಯಾಗ ಮಲಗಿದವರನ್ನ ದಾಟಿ ಹೋಗಬೇಕು ಅನ್ನೂ ಸಂಕೋಚಕ್ಕ ಅಲ್ಲೂ ನೀರು ಕುಡಿಯಂಗಿಲ್ಲ. ಬೀಗರ ಮನ್ಯಾಗ ಒಂದಕ್ಕ ತಡದು ಮಲಗಿದ ಹೆಣಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಖೋಲಿ ಹುಡುಕೂದು ಒಂದು ಕತಿ. ಮೊದಲ್ನೇ ಕಡಿ "ಬರೇ ಲೇಡೀಜಿಗೆ ಕೊಡಂಗಿಲ್ರಿ" ಅಂದ್ರು, ಕಾರಣ ಹೇಳ್ಲಿಲ್ಲ. ಎರಡ್ನೇದು ಒಂದು ಹಳೇ ಲಾಡ್ಜು. ಗಲ್ಲಾಪೆಟಗಿ ಮುಂದ ಕುಂತ ಹುಡುಗ ನಮ್ಮ ಆಧಾರ್ ಕಾರ್ಡ್ ತಿರುವಿ ಮುರುವಿ ನೋಡಿ, "ಜೋಡಿ ಗಂಡಸರು ಯಾರ್ ಬಂದಾರ್ರಿ?" ಅಂದ. ನಾ ಬಾಯಿ ತೆರಿಯೂದ್ರಾಗ ಅತ್ತಿ ಗುಡಿ ಕಡಿ ಕೈ ಮಾಡಿ, "ಅಲ್ಲಿ ಕುಂತಾನಲ್ಲಪ್ಪ ಶರಣಬಸಪ್ಪ, ಅವನೇ" ಅಂದ್ರು. ಹುಡುಗ ನಕ್ಕ, ಕೀಲಿ ಕೊಟ್ಟ. 600 ರೂಪಾಯಿ. ಜಾತ್ರ್ಯಾಗಾದ್ರ ಇದೇ ಖೋಲಿ ಇದರ ದುಪ್ಪಟ್ಟು ಅಂತ ಅವನೇ ಹೇಳ್ದ.

ರೊಕ್ಕ ಎಣಿಸೂಕಿಂತ ಮೊದಲು ಖೋಲಿ ನೋಡ್ರಿ, ನಾ ನೋಡಿದ್ದು ಇಷ್ಟು: ತೆಳಗಿನ ಮಜಲಾ ಹೌದೋ ಅಲ್ಲೋ, ಬಾಗಲಕ್ಕ ಒಳಗಿಂದ ಚಿಲಕ ಬೀಳ್ತದೋ ಇಲ್ಲೋ, ಸಂಡಾಸದಾಗ ಕುರ್ಚಿ ಥರದ್ದು ಅದ ಇಲ್ಲ, ನಳಕ್ಕ ನೀರು ಬರ್ತದ ಇಲ್ಲ, ಬಚ್ಚಲ ಖಿಡಕಿ ಗಾಜು ಒಡದದೇನು. ಆಮ್ಯಾಲ ಮುಖ್ಯ, 24 ತಾಸಿನ ಲೆಕ್ಕನೋ, ಮಧ್ಯಾಹ್ನ 12ಕ್ಕ ಖಾಲಿ ಮಾಡಬೇಕೋ ಕೇಳ್ರಿ. ನಮ್ಮದು 24 ತಾಸು ಇತ್ತು, ಆಯಿತವಾರ ಮೂರಕ್ಕ ಹೊಕ್ಕವರು ಸೋಮವಾರ ಮೂರರ ತನಕ ಹಕ್ಕಿನಿಂದ ಇದ್ವಿ.

ಖೋಲಿ ಅಂಥಾದ್ದೇನಲ್ಲ. ಗ್ವಾಡಿಗೆ ಎಣ್ಣಿ ತಲಿ ಒರಗಿಸಿದ ಕಲಿ, ಗರಗರ ಫ್ಯಾನು, ತಲಿದಿಂಬಿಗೆ ಯಾರದ್ದೋ ವಾಸನಿ. ಕೆರಿ ಕಡಿ ಗಾಳಿ ಬೀಸಿದ್ರ ಪಾಚಿ ನಾತ. ಗುಂಗಾಡ ಅಂತೂ ಕೇಳಬ್ಯಾಡ್ರಿ. ಮನಿಂದ ತಂದ ಚಾದರ ಹಾಸಿ ದಿಂಬಿನ ಮ್ಯಾಲ ನನ್ನ ಟಾವೆಲ್ ಹಾಕಿದೆ. ಅತ್ತಿ ಇವ್ಯಾವೂ ನೋಡ್ಲೇ ಇಲ್ಲ. ಸೀದಾ ಹೋಗಿ ಸಂಡಾಸದ ಬಾಗಲಾ ಹಾಕಿ, ಚಿಲಕ ಹಾಕಿ, ತೆಗದು, ಮತ್ತ ಹಾಕಿ ನೋಡಿದ್ರು. ಹೊರಗ ಬಂದು, "ಬಾಟ್ಲಿ ಕೊಡು" ಅಂದು ಅರ್ಧ ಬಾಟ್ಲಿ ನೀರು ಗಟಗಟ ಕುಡದ್ರು.

ಸಂಜಿಮುಂದ ಕೆರಿ ದಂಡಿಗೆ ಹೋಗಿ ಕುಂತ್ವಿ. ಒಂದು ಪ್ಲೇಟ್ ಸುಸಲಾ, ಎರಡು ಮಿರ್ಚಿ. ವಾಕಿಂಗ್ ಮಾಡೂ ಮಂದಿ ನಮ್ಮ ಮುಂದಿಂದ ಹೋಗ್ತಿದ್ರು, ಬರ್ತಿದ್ರು. ಬಿಸಲು ಇಳದು ನೀರು ತಾಮ್ರದ ಹಂಡೆದ ಬಣ್ಣ ಆಗಿತ್ತು. ಆವಾಗ ಅತ್ತಿ ಹೇಳ್ಲಾಕ ಶುರು ಮಾಡಿದ್ರು. ತವರಿನವರು ಜಾತ್ರಿಗೆ ಬಂಡಿ ಕಟ್ಟಿಕೊಂಡು ಬರ್ತಿದ್ರಂತ. ಬಂಡಿ ತೆಳಗೇ ಹಾಸಿಗಿ, ಮೂರು ಕಲ್ಲಿನ ಒಲಿ. ಗಂಡಸರಿಗೆ ಏನು, ಎಲ್ಲೆಂದ್ರಲ್ಲಿ. ಹೆಣಮಕ್ಕಳು ನಸುಕಿನ್ಯಾಗ ಮೂರಕ್ಕೆ ಎದ್ದು, ಹತ್ತು ಮಂದಿ ಗುಂಪು ಕಟ್ಟಿಕೊಂಡು, ಕತ್ತಲದಾಗ ಹೋಗಿ ಬರಬೇಕು. ಬೆಳಕು ಹರದ್ರ ಮುಗೀತು, ಮತ್ತ ಕತ್ತಲ ಆಗೂತನಕ ಇಲ್ಲ. ಒಂದು ವರ್ಷ ಇವರು ಮುಟ್ಟಾಗಿದ್ರಂತ, ಹದಿನಾಕೋ ಹದಿನೈದೋ ವಯಸ್ಸು. ಇಡೀ ದಿನ ಬಂಡಿ ಬಿಟ್ಟು ಏಳ್ಲಿಲ್ಲ. ತೇರು ಎಳಿಯೂದು, ಮಂದಿ ಉತ್ತತ್ತಿ-ಬಾಳೆಹಣ್ಣು ತೂರೂದು, ಎಲ್ಲಾ ಕಿವಿಲೇ ಕೇಳಿದ್ದಷ್ಟೇ.

"ಯಾರಿಗೂ ಹೇಳಿಲ್ಲ ಇದನ್ನ" ಅಂದ್ರು. ನಾ ಸುಮ್ಕ ಮಿರ್ಚಿ ಮುರದು ಅರ್ಧ ಅವರ ಕೈಯಾಗ ಇಟ್ಟೆ.

ಜರಾ ಹೊತ್ತು ಬಿಟ್ಟು ತಾವೇ ನಕ್ಕರು. ಶರಣಬಸಪ್ಪನ ಕತಿ ನಮಗ ಎಲ್ಲಾರಿಗೂ ಗೊತ್ತದಲ್ಲ: ಅರಳಗುಂಡಗಿಯೊಳಗ ಹೊಲದಾಗ ಹಕ್ಕಿ ಓಡಿಸೂದು ಬಿಟ್ಟು, ತೆನಿ ತಿಂದ ಹಕ್ಕಿಗೆ ನೀರಡಿಕಿ ಆಗ್ತದಂತ ಗಡಿಗ್ಯಾಗ ನೀರು ತುಂಬಿ ಇಟ್ಟವರು. ಅತ್ತಿ ಅಂದ್ರು: "ಅಪ್ಪ ಹಕ್ಕಿಗೆ ನೀರು ಇಟ್ಟ. ಹಕ್ಕಿಗೇನವ್ವ, ಕುಡದು ಹಾರಿ ಹೋಗ್ತದ."

ಬಾಜೂ ಖೋಲ್ಯಾಗ ಬೀದರ ಕಡಿ ಒಂದು ಸಾಬರ ಕುಟುಂಬ ಇತ್ತು, ಬಂದೇ ನವಾಜ್ ದರ್ಗಾಕ್ಕ ಬಂದವರು. ನಮ್ಮ ಕಲಬುರಗಿ ಹಂಗೇ, ಒಂದೇ ಲಾಡ್ಜಿನ್ಯಾಗ ಅಪ್ಪನ ಗುಡಿಯವರು, ಖಾಜಾ ದರ್ಗಾದವರು ಒಂದೇ ನಳದ ಮುಂದ ಬಕೀಟು ಇಟ್ಟು ಕುಂದ್ರತಾರ. ಬಂದೇ ನವಾಜರು ತೀರಿಕೊಂಡಿದ್ದು 1422ರಾಗ, ಶರಣಬಸವರು ಲಿಂಗೈಕ್ಯರಾಗಿದ್ದು 1822ರಾಗ. ನಡುವ 400 ವರ್ಷ, ಆದ್ರ ಬಿಸಿನೀರಿನ ಪಾಳಿ ಇಬ್ಬರ ಭಕ್ತರಿಗೂ ಒಂದೇ: ನಸುಕಿನ್ಯಾಗ ನಾಕರಿಂದ ಆರು, ಖೋಲಿಗೆ ಎರಡು ಬಕೀಟು. ಆ ಬೀದರದಾಕಿ ಅವರ ತಾಯಿ ಕೈ ಹಿಡಕೊಂಡು ಬಂದಿದ್ಲು. ನಮ್ಮ ಅತ್ತಿ ಮಂಡಿ ನೋಡಿ ತನ್ನ ಒಂದು ಬಕೀಟು ನಮಗೇ ಕೊಟ್ಟು ಕಳಿಸಿದ್ಲು. ನಾವು ಒಯ್ದಿದ್ದ ನಮ್ಮೂರ ಕೆಂಪು ಬಾಳೆಹಣ್ಣು ನಾಕು ಕೊಟ್ವಿ. ಜಿ.ಐ. ಮಾನ್ಯತೆ ಸಿಕ್ಕ ಹಣ್ಣದು, ರೇಟೂ ಹಂಗೇ ಅದ. ಆ ಮುದುಕಿ ಅದನ್ನ ತಿರುವಿ ನೋಡಿ "ಬಣ್ಣ ಹಚ್ಚ್ಯಾರೇನು?" ಅಂತ ಕೇಳಿದ್ಲು. ನಮ್ಮ ಅತ್ತಿಗೆ ಸಿಟ್ಟೇ ಬಂತು, ಕಮಲಾಪುರದ ಮಾನ ಅಲ್ಲೇನು!

ನಾಕೂವರಿಗೆ ಸ್ನಾನ ಮುಗಿಸಿ ಗುಡಿಗೆ ಹೋದ್ರ ಪಾಳಿ ಸಣ್ಣದೇ ಇತ್ತು. ನೂಕಲಿಲ್ಲ ಯಾರೂ. ಗರ್ಭಗುಡ್ಯಾಗಿನ ಗುರು-ಶಿಷ್ಯರ ಜೋಡು ಮುಖಾನ ಅತ್ತಿ ಎಷ್ಟು ಹೊತ್ತು ನೋಡಿದ್ರಂದ್ರ, ಹಿಂದಿನವರು ಪಾಪ ಬಾಜೂದಿಂದ ದಾಟಿ ಹೋದ್ರು. ಬಿಸಲೇರೂದ್ರಾಗ ಸೋಮವಾರದ ಮಂದಿ ಬಂದು ಪಾಳಿ ರಸ್ತಾಕ್ಕ ಹತ್ತಿತ್ತು. ನಾವು ಅಷ್ಟೊತ್ತಿಗೆ ಖೋಲ್ಯಾಗ ಕಾಲು ಚಾಚಿ ಚಾ ಕುಡಿಲಾಕತ್ತಿದ್ವಿ.

ಎಂಟೂವರಿ ಸುಮಾರಿಗೆ ಸಣ್ಣತ್ತಿ ಬಂದೇ ಬಿಟ್ಟರು. ಮುಂಜಾನಿ ನಾನೇ ಫೋನ್ ಮಾಡಿ ಹೇಳಿದ್ದೆ. (ಇದು ಬರಿ ಅಂತ ಸಣ್ಣತ್ತಿನೇ ಅಂದಾರ, ಯಾರೂ ಫೋನ್ ಮಾಡಿ ಚಾಡಿ ಹೇಳಬ್ಯಾಡ್ರಿ.) ಬಾಗಲದಾಗೇ ಶುರು: "ನಾವೇನು ಸತ್ತೀವೇನು? ಮಂದಿ ಏನಂದಾರು? ಈ ದಿಂಬಿನ ಮ್ಯಾಲ ತಲಿ ಇಟ್ರ್ಯಾ?" ಅತ್ತಿ ಸುಮ್ಕ ಕೇಳಿದ್ರು. ಆಮ್ಯಾಲ "ಕುಂದ್ರು" ಅಂದು, ಬಾಗಲಾ ಹಾಕಿ ಚಿಲಕ ಹಾಕಿದ್ರು. ಸಣ್ಣತ್ತಿ ಮಂಚದ ಅಂಚಿಗೆ ಕುಂತು ಇನ್ನೊಂದಷ್ಟು ಬೈದ್ರು. ಬೈತಾ ಬೈತಾ ಕಾಲು ಮ್ಯಾಲ ತಗೊಂಡ್ರು. "ಐದು ನಿಮಿಷ ಬೆನ್ನು ಚಾಚ್ತೀನಿ" ಅಂದವರು ಎದ್ದಿದ್ದು ಹನ್ನೊಂದೂವರಿಗೆ. ನಡುವ ಮನಿಂದ ಮೂರು ಫೋನ್ ಬಂದವು, ಡಬ್ಬಿ ಎಲ್ಲದ, ಗ್ಯಾಸ್ ಯಾವಾಗ ಬರ್ತದ ಅಂತ. ಅತ್ತಿ ಫೋನ್ ತಗೊಂಡು ದಿಂಬಿನ ತೆಳಗ ತುರುಕಿದ್ರು.

ಎದ್ದ ಸಣ್ಣತ್ತಿ ಬೈಲಿಲ್ಲ. ಸೆರಗು ಸರಿಮಾಡಿಕೊಂಡು, "ದಿನಕ್ಕ ಎಷ್ಟಂದ್ರಿ ಇದಕ್ಕ?" ಅಂತ ಮೆತ್ತಗ ಕೇಳಿದ್ರು.

ಖರ್ಚಿನ ಲೆಕ್ಕ ಕೇಳಿದವರಿಗೆ: ಖೋಲಿ 600, ಎರಡೂ ಕಡಿ ಆಟೋ 120, ಸುಸಲಾ-ಮಿರ್ಚಿ-ಚಾ 110, ಕಾಯಿ-ಹೂವು 80. ಮಧ್ಯಾಹ್ನ ಊಟ ಗುಡಿ ಪ್ರಸಾದ, ರಾತ್ರಿಗೆ ಮನಿಂದ ಒಯ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅತ್ತಿ ಎರಡು ದಿನದಾಗ ಏಳು ಬಾಟ್ಲಿ ನೀರು ಕುಡದ್ರು, ಅದನ್ನೂ ಎಣಿಸೀನಿ.

ಮುಂದಿನ ಶ್ರಾವಣಕ್ಕ ಸಣ್ಣತ್ತಿನೂ ಬರ್ತೀನಿ ಅಂದಾರ, ಎದುರು ಮನಿ ಕಾಕಿನೂ ಅಂದಾರ. ನಾಕು ಮಂದಿ ಆದ್ರ ಎರಡು ಖೋಲಿ ಹಿಡಿಬೇಕು, ಒಂದರಾಗೇ ತುರುಕೂದು ಬ್ಯಾಡ, ಸಂಡಾಸ ಒಂದೇ ಇರ್ತದ. ಬರವರು ಆಧಾರ್ ಕಾರ್ಡ್ ಅಸಲಿದೇ ತರ್ರಿ, ಜೆರಾಕ್ಸ್ ನಡಿಯಂಗಿಲ್ಲ. ಚಾದರ, ಗುಂಗಾಡದ ಬತ್ತಿ ಮತ್ತ ಒಂದು ತಂಬಿಗಿ ನಿಮ್ಮದು ನೀವೇ.