ಮೇನ್ ಆಫ್ ಮಾಡಿದರೂ ಉರಿಯುವ ಲೈಟು

ಕಾರ್ಕಳದ ಮಳೆ ಗೊತ್ತಿದ್ದವರಿಗೆ ಬಾತ್‌ರೂಮಿನ ಡೌನ್‌ಲೈಟ್‌ನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಶುರುವಾದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪಿವಿಸಿ ಸೀಲಿಂಗ್ ಒಳಗಿನ ಲೈಟ್ ಒಣಗುತ್ತದಾ? ನಮ್ಮ ಮನೆಯಲ್ಲಿ ಶವರ್ ಮೇಲಿನದ್ದು ಮಿಣಮಿಣ ಅನ್ನತೊಡಗಿತ್ತು. ಕ್ಲಿಪ್ಪಿಗೆಲ್ಲ ತುಕ್ಕು. ಈ ರಜೆಯಲ್ಲಿ ಊರಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ ಮೂರನ್ನೂ ಬದಲಾಯಿಸಿದೆವು.

ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ವಾಟ್, ವಾರ್ಮಾ ವೈಟಾ? ನಾವು ಬಾಕ್ಸ್ ತಿರುಗಿಸಿ ಐಪಿ ನಂಬರ್ ಹುಡುಕಿದೆವು. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಹಾಲ್‌ಗೆ ಹಾಕುವ ಐಪಿ20ರ ಸೊನ್ನೆ ಅಂದ್ರೆ ನೀರಿನಿಂದ ರಕ್ಷಣೆಯೇ ಇಲ್ಲ. ಐಪಿ44 ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ, ಐಪಿ65 ಪೈಪಿನಿಂದ ಬಿಟ್ಟ ನೀರನ್ನೂ. ಅಂತರರಾಷ್ಟ್ರೀಯ ನಿಯಮದಲ್ಲಿ ಶವರ್ ಜಾಗದಲ್ಲಿ ನೆಲದಿಂದ 2.25 ಮೀಟರ್ ಎತ್ತರದವರೆಗೆ ಅಪಾಯದ ವಲಯ. ನಮ್ಮ ಸೀಲಿಂಗ್ ಅದಕ್ಕಿಂತ ಎರಡಿಂಚು ಮೇಲೆ, ಲೆಕ್ಕದಲ್ಲಿ ಪಾಸು. ಆದರೆ ಬಿಸಿನೀರಿನ ಆವಿ ಟೇಪ್ ಹಿಡಿದು ಅಳೆಯುವುದಿಲ್ಲವಲ್ಲ! ಶವರ್ ಮೇಲೆ 65, ಉಳಿದೆರಡಕ್ಕೆ 44 ತಂದೆವು. ಒಂದು ವಿಷಯ, ಎಷ್ಟೋ ಲೈಟ್‌ಗಳಲ್ಲಿ ಈ 65 ಎದುರಿನ ಮುಖಕ್ಕೆ ಮಾತ್ರ. ಮೇಲಿರುವ ಡ್ರೈವರ್‌ಗೆ ಟೆರೇಸಿನ ನೀರು ಸೋರಿದರೆ ನಂಬರ್ ಏನೂ ಮಾಡುವುದಿಲ್ಲ. ಹಳೆ ತೂತಿನ ಅಳತೆಯನ್ನೂ ತೆಗೆದುಕೊಂಡೇ ಹೋಗಿ.

ಅಸಲಿ ವಿಷಯ ಇನ್ನು ಮೇಲೆ. ಅಣ್ಣ ಮೇನ್ ಸ್ವಿಚ್ ಇಳಿಸಿ, "ಈಗ ಬಾತ್‌ರೂಮಿನ ಸ್ವಿಚ್ ಹಾಕಿ ನೋಡಿ" ಅಂದರು. ಲೈಟ್ ಆರಾಮಾಗಿ ಉರಿಯಿತು. "ಇನ್ವರ್ಟರ್ ಉಂಟಲ್ಲ ಮಾರಾಯ್ರೆ!"

ಬ್ಯಾಟರಿ 12 ವೋಲ್ಟ್ ಇರಬಹುದು, ಹೊರಗೆ ಬರುವುದು 230. ಸ್ವಿಚ್ ಆಫ್ ಮಾಡಿದರೆ ಸಾಕಲ್ವಾ ಅಂದರೆ ಅದೂ ಸಾಲದು. ಹಳೆ ವೈರಿಂಗಿನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿದ್ದರೆ, ಲೈಟ್ ಆರಿದ ಮೇಲೂ ಫೇಸ್ ಅಲ್ಲೇ ಕೂತಿರುತ್ತದೆ. ಇನ್ವರ್ಟರ್ ಆಫ್ ಮಾಡುವ ಮೊದಲು ಅಣ್ಣ ಟೆಸ್ಟರನ್ನು ಅದರ ಪ್ಲಗ್ಗಿಗೆ ಇಟ್ಟು ಟೆಸ್ಟರೇ ಸರಿ ಉಂಟಾ ನೋಡಿದರು. ಆಫ್ ಮಾಡಿದ ಮೇಲೆ ಲೈಟಿನ ಎರಡೂ ವೈರಿಗೆ ಇಟ್ಟರು. ಕೈ ಹಾಕಿದ್ದು ಆಮೇಲೆ.

ನಮಗೆ ನಿಜವಾಗಿ ಹೆದರಿಕೆ ಆದದ್ದು ಆರ್‌ಸಿಸಿಬಿ ವಿಷಯದಲ್ಲಿ. ಹೋದ ಕರೆಂಟ್‌ನಲ್ಲಿ 30 ಮಿಲಿ ಆಂಪಿಯರ್ ವಾಪಸ್ ಬಾರದೆ ಬೇರೆ ದಾರಿ ಹಿಡಿದರೆ ಅದು ಟ್ರಿಪ್ ಆಗುತ್ತದೆ. ಆದರೆ ನಮ್ಮದು ಇರುವುದು ಇನ್ವರ್ಟರಿಗಿಂತ ಹಿಂದೆ. ಕರೆಂಟ್ ಹೋಗಿ ಬ್ಯಾಟರಿಯಿಂದ ಲೈಟ್ ಉರಿಯುವಾಗ ಇನ್ವರ್ಟರಿನ ಆಚೆ ಲೀಕ್ ಆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಕೇಳಬೇಡಿ.

ಹಾಗಂತ ಮೂರನ್ನೂ ಇನ್ವರ್ಟರಿನಿಂದ ತೆಗೆಯುವ ಹಾಗಿಲ್ಲ, ಕತ್ತಲಲ್ಲಿ ಅಜ್ಜಿ ಜಾರಿದರೆ? ಕೊನೆಗೆ ಬಾಗಿಲ ಹತ್ತಿರದ್ದನ್ನು ಮಾತ್ರ ಇನ್ವರ್ಟರಿನಲ್ಲಿ ಬಿಟ್ಟು, ಉಳಿದೆರಡನ್ನು ಮೇನ್ ಲೈನಿಗೆ ಕೊಟ್ಟೆವು. ನ್ಯೂಟ್ರಲ್ ಕೂಡ ಬೇರೆ ಮಾಡಬೇಕು, ಎರಡೂ ಲೈನಿನದ್ದು ಸೇರಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿರುತ್ತದೆ. ಕೊನೆಗೆ ಅದರ ಟೆಸ್ಟ್ ಬಟನ್ ಒತ್ತಿದಾಗ ಟಪ್ ಅಂತ ಬಿತ್ತು. ಅಡುಗೆಮನೆಯಲ್ಲಿ ಗ್ರೈಂಡರ್ ನಿಂತಿತು, "ಎಂಥ ಮಾಡಿದ್ರಿ ನೀವು?" ಅಂತ ಅಮ್ಮ ಕೂಗಿದರು.